ಅಳೆದೂ ಸುರಿದೂ

ಹೋದ ನವೆಂಬರಿನಲ್ಲಿ ಡೀಸೆಲ್ ಮುಗಿದು
ನಾನು ನಿಂತ ಜಾಗಕ್ಕೆ ಹೆಸರಿರಲಿಲ್ಲ.
ಹಿಂದೆ ಹಿಟ್ಟಿನ ಮೂಟೆ, ಈರುಳ್ಳಿ, ನೀರಿನ ಪೀಪಾಯಿ,
ಪೆರುವಿನಿಂದ ಬಂದ ಒಂದು ಕಾಗದ.
ಮುಂದೆ, ಗುಡ್ಡಗಳಾಚೆ ನಲವತ್ತು ಮೈಲಿಗೆ,
ಸಾವಿರದಿನ್ನೂರು ಕುರಿ, ಎರಡು ನಾಯಿ, ಎಲೆಯುತೇರಿಯೊ.
ಎರಡು ದಿನ ಅವನು ಹಿಮ ಕರಗಿಸಿ ಕುಡಿದ.
ತಡವೇಕೆಂದು ಕೇಳಲಿಲ್ಲ,
ಕೈ ಮೊದಲು ಚಾಚಿದ್ದು ಕಾಗದಕ್ಕೆ.

ಹಾಗಾಗಿ ಆ ಚಳಿಗಾಲವಿಡೀ ನಾನೂ ಮಾರ್ಸೆಲೀನಳೂ
ಅಡುಗೆಮನೆಯ ಮೇಜಿನ ಮೇಲೆ ಟ್ಯಾಂಕುಗಳನ್ನು
ಅಳೆದೆವು, ಸುರಿದೆವು,
ಇನ್ನೂ ಒಂದನ್ನೂ ಕೊಳ್ಳದೆ.
ನನಗೆ ನೂರು ಗ್ಯಾಲನ್ನಿನದೇ ಬೇಕು.
ಅವಳು ಪೆನ್ಸಿಲ್ ಹಿಡಿದು: ಗ್ಯಾಲನ್ನಿಗೆ ಏಳು ಪೌಂಡು,
ನೂರಕ್ಕೆ ಏಳುನೂರು, ಕಬ್ಬಿಣದ ತೂಕ ಬೇರೆ.
ಹಿಟ್ಟು ಎಲ್ಲಿಡುತ್ತೀ? ತಲೆಯ ಮೇಲೋ?
ಟ್ರಕ್ಕಿನ ಬೆನ್ನಿಗೆ ನೆವಾಡಾದ ನಾವು ಹಾಸಿಗೆ ಎನ್ನುತ್ತೇವೆ.
ಹಾಸಿಗೆಯಿದ್ದಷ್ಟೇ ಕಾಲು.
ಐವತ್ತಕ್ಕೆ ಇಳಿದೆ.

ತುಂಬಿದ ಕೊಡ ತುಳುಕುವುದಿಲ್ಲ, ಒಪ್ಪಿದೆ.
ಯಾವ ಟ್ಯಾಂಕು ತುಂಬಿಯೇ ಇರುತ್ತದೆ ಹೇಳಿ?
ಅರ್ಧಕ್ಕಿಳಿದಾಗ ಪ್ರತಿ ತಿರುವಿನಲ್ಲೂ
ಅದು ಗಾಡಿಯ ಸೊಂಟ ಹಿಡಿದು ಎಳೆಯುತ್ತದೆ.
ಎಲ್ಕೊದ ಅಂಗಡಿಯಲ್ಲಿ ಮುಚ್ಚಳ ತೆಗೆಸಿ
ಟಾರ್ಚು ಬಿಟ್ಟು ನೋಡಿದೆ: ಮೂರು ಅಡ್ಡಗೋಡೆ,
ಒಂದೊಂದರ ಬುಡದಲ್ಲೂ ಒಂದು ಕಿಂಡಿ,
ಯಾರೂ ಬಾಡಿಗೆಗೆ ಬಾರದ ಕೋಣೆಗಳ ಹಾಗೆ.

ಮಾರ್ಚಿಯ ಒಂದು ಭಾನುವಾರ ಕೂರಿಸಿದೆವು.
ತೂತು ಕೊರೆಯುವ ಮುಂಚೆ ಆಚೆಬದಿ ನೋಡು,
ಅಪ್ಪ ಹೇಳುತ್ತಿದ್ದ, ಬೇರೇನೋ ವಿಷಯಕ್ಕೆ.
ತಣ್ಣನೆ ಕಾಂಕ್ರೀಟಿಗೆ ಬೆನ್ನು ಕೊಟ್ಟು ಅಡಿಯಲ್ಲಿ ತೂರಿದೆ:
ಇಲ್ಲಿ ಬ್ರೇಕಿನ ಕೊಳವೆ, ಇಲ್ಲಿ ವೈರುಗಳ ಜಡೆ,
ಇಲ್ಲಿ ಹದಿನೈದು ವರ್ಷದ ಒಣಕೆಸರು.
ಮೇಲಿನಿಂದ ಅವಳು ತಟ್ಟಿದಳು, ಕೆಳಗಿನಿಂದ ನಾನು,
ಎರಡು ಸದ್ದೂ ಒಂದೇ ಚುಕ್ಕೆಗೆ ಬಂದು ಕೂರುವತನಕ.
ನಾಲ್ಕು ತೂತು, ನಾಲ್ಕು ಬೋಲ್ಟು,
ಲೋಹಕ್ಕೆ ಲೋಹ ಉಜ್ಜದಿರಲು ನಡುವೆ ರಬ್ಬರು.
ತಾನೇ ಇಳಿದುಬರುವ ಕೊಳವೆಯೋ, ಗುಂಡಿ ಒತ್ತುವ ಪಂಪೋ,
ಆ ಜಗಳವೊಂದು ಬಾಕಿಯಿತ್ತು.
ತಾನೇ ಇಳಿಯುವುದಕ್ಕೆ ಸಾಕು ಅನ್ನಲು ಬರುವುದಿಲ್ಲ, ಎಂದಳು.
ನನ್ನ ಕಡೆ ನೋಡುತ್ತಲೇ ಎಂದಳು.
ಪಂಪು ಗೆದ್ದಿತು.

ಐದೇ ಗ್ಯಾಲನ್ ಸುರಿದು, ಕೀಲುಗಳಡಿ ಹಳೇ ಪತ್ರಿಕೆ ಹಾಸಿ
ಒಂದು ರಾತ್ರಿ ಬಿಟ್ಟೆವು.
ಬೆಳಿಗ್ಗೆ ಹವಾಮಾನದ ಪುಟದ ಮೇಲೆ ನಾಣ್ಯದಷ್ಟು ಕಲೆ.
ಕ್ಲಾಂಪಿಗೆ ಇನ್ನರ್ಧ ಸುತ್ತು. ಇನ್ನೊಂದು ರಾತ್ರಿ.
ಒಣ ಪುಟ.

ಪೆನ್ಸಿಲ್ಲಿನ ಲೆಕ್ಕಕ್ಕೆ ಸಿಗದ್ದೊಂದಿತ್ತು.
ಅರವತ್ತನೆಯ ಮೈಲಿಗೆ ವರ್ಲಾ ಟಕೆಟ್ಟಳ ಬಂಕು:
ಒಂದು ಪಂಪು, ಒಂದು ಬಲ್ಬು, ಅವಳು.
ಇಪ್ಪತ್ತೆರಡು ವರ್ಷ ಹೋಗುತ್ತ ಬರುತ್ತ ಅಲ್ಲೇ ತುಂಬಿಸಿದವನು ನಾನು.
ಹೋದ ನವೆಂಬರಿನಲ್ಲಿ ಪಂಪಿಗೆ ತಾಡಪಾಲು ಸುತ್ತಿತ್ತು,
ಸೊಂಟ ಮುರಿದು ಅವಳು ಆಸ್ಪತ್ರೆಯಲ್ಲಿದ್ದಳು.
ಈಗ ಮರಳಿದ್ದಾಳೆ.
ಎಂಜಿನ್ನಿನ ಸದ್ದಿಗೇ ಎದ್ದು, ಊರುಗೋಲು ಊರಿ,
ನಳಿಕೆಯ ಮೇಲೆ ಕೈಯಿಟ್ಟು ನಿಂತಿದ್ದಳು,
ನಾನು ಅರವತ್ತರ ವೇಗದಲ್ಲಿ ದಾಟಿಹೋದಾಗ.

ಕನ್ನಡಿಯಲ್ಲಿ ಅವಳು ಚಿಕ್ಕವಳಾದಳು,
ಕೈ ಮಾತ್ರ ತೆಗೆಯಲಿಲ್ಲ.

ಅರ್ಧ ಮೈಲಿಯಾಚೆ ಗಾಡಿ ತಿರುಗಿಸಿದೆ.
ಟೈರಿಗೆ ಗಾಳಿ ನೋಡಬೇಕಿತ್ತು, ಎಂದೆ.
ಅವಳು ಹೊಸ ಟ್ಯಾಂಕು ನೋಡಿದಳು,
ಊರುಗೋಲಿನ ತುದಿಯಿಂದ ಕುಟ್ಟಿದಳು.
ಅದು ತುಂಬಿದ ಸದ್ದು ಮಾಡಿತು, ಮುಚ್ಚುಮರೆಯಿಲ್ಲದೆ.
ಗಾಳಿಗೆ ನಾನು ದುಡ್ಡು ತೆಗೆದುಕೊಳ್ಳುವುದಿಲ್ಲ, ಎಂದಳು.
ನಾನು ಬಗ್ಗಿ ಗೇಜು ಹಚ್ಚಿದೆ, ಅವಳು ಅಂಕಿ ಓದಿದಳು.
ನಾಲ್ಕೂ ಸರಿಯಿದ್ದವು.

ಸ್ಟೆಪ್ನಿ? ಎಂದಳು.
ಅದನ್ನೂ ಇಳಿಸಿದೆ.